ಹಿತ್ತಲ ಕೋಳಿಗೆ ಉಸಿರಿನ ರೋಗ ಬಂದಾಗ

ಮಡಕಶಿರಾ ಸೀಮೆಯ ಅಮರಾಪುರ, ರೊಳ್ಳ, ಅಗಳಿ, ಗುಡಿಬಂಡ ಕಡೆಯ ಹಳ್ಳಿಗಳಲ್ಲಿ ಮನೆಗೆ ಐದೋ ಹತ್ತೋ ನಾಟಿ ಕೋಳಿ ಇರುವುದು ಹಳೆಯ ರೂಢಿ. ಅವುಗಳಿಗೆ ಪ್ರತ್ಯೇಕ ಮೇವಿನ ಖರ್ಚಿಲ್ಲ. ತಿಪ್ಪೆ ಕೆದರಿ, ಕಣದಲ್ಲಿ ಉದುರಿದ ರಾಗಿ ಆಯ್ದು, ಸಂಜೆಗೆ ತಾವೇ ಗೂಡು ಸೇರುತ್ತವೆ. ಮೊಟ್ಟೆ, ಹುಂಜ ಮಾರಿ ಬಂದ ದುಡ್ಡು ಹೆಚ್ಚಾಗಿ ಹೆಂಗಸರ ಕೈಯಲ್ಲೇ ಉಳಿಯುತ್ತದೆ. ಅದರಲ್ಲೇ ಮಕ್ಕಳ ಪುಸ್ತಕ, ಚೀಟಿಯ ಕಂತು, ಬಸ್ಸಿನ ಚಾರ್ಜು. ಶಿವರಾತ್ರಿ ಕಳೆದು ಬಿಸಿಲೇರುವ ಹೊತ್ತಿಗೆ ಒಂದು ಕೋಳಿ ಕತ್ತು ಚಾಚಿ ಕೊರಕೊರ ಎನ್ನುತ್ತದೆ, ನಾಲ್ಕನೆಯ ದಿನಕ್ಕೆ ಪಕ್ಕದ ಮನೆಯಲ್ಲೂ ಅದೇ ಸದ್ದು, ಯುಗಾದಿಯ ಹೊತ್ತಿಗೆ ಇಡೀ ಬೀದಿಯ ಗೂಡುಗಳು ಖಾಲಿ. ಪ್ರತಿ ಬೇಸಿಗೆಯಲ್ಲೂ ಇದು ನಡೆಯುತ್ತದೆ ಎಂಬ ಕಾರಣಕ್ಕೇ ಜನ ಇದನ್ನು ಹಣೆಬರಹ ಎಂದು ಒಪ್ಪಿಕೊಂಡುಬಿಟ್ಟಿದ್ದಾರೆ. ಹಾಗೆ ಒಪ್ಪಿಕೊಳ್ಳಬೇಕಾಗಿಲ್ಲ. ಈ ಸಾವುಗಳಲ್ಲಿ ದೊಡ್ಡ ಪಾಲು ತಪ್ಪಿಸಬಹುದಾದದ್ದು. ಆದರೆ ಒಂದು ಮನೆಯವರು ಒಂಟಿಯಾಗಿ ತಪ್ಪಿಸಲಾರರು, ಬೀದಿಯವರೆಲ್ಲ ಸೇರಿದರೆ ಆಗುತ್ತದೆ.

ಮೊದಲು ರೋಗ ಯಾವುದು, ಸೆಕೆ ಯಾವುದು ಎಂದು ಬೇರ್ಪಡಿಸಬೇಕು. ಕೋಳಿಗೆ ಬೆವರುವ ಗ್ರಂಥಿಗಳಿಲ್ಲ. ಮಡಕಶಿರಾ ಸೀಮೆಯ ಏಪ್ರಿಲ್ ಮಧ್ಯಾಹ್ನದಲ್ಲಿ ಅದು ಕೊಕ್ಕು ತೆರೆದು, ರೆಕ್ಕೆ ಸಡಿಲಿಸಿ, ಬೇಗಬೇಗ ಉಸಿರೆಳೆದೇ ಮೈ ತಂಪು ಮಾಡಿಕೊಳ್ಳಬೇಕು. ಆ ಹೊತ್ತಿಗೆ ಎಲ್ಲ ಕೋಳಿಗಳೂ ಹಾಗೇ ಮಾಡುತ್ತವೆ, ನೆರಳು ನೀರು ಸಿಕ್ಕರೆ ಸುಧಾರಿಸಿಕೊಳ್ಳುತ್ತವೆ. ರೋಗದ ಕೋಳಿ ಹಾಗಲ್ಲ. ಬೆಳಗಿನ ತಂಪಿನಲ್ಲೂ ಬಾಯಿ ಬಿಡುತ್ತದೆ, ಉಳಿದವು ಮೇಯುವಾಗ ಮೂಲೆ ಹಿಡಿದು ಪುಕ್ಕ ಕೆದರಿಕೊಂಡು ತೂಕಡಿಸುತ್ತದೆ. ಇನ್ನೊಂದು ಪರೀಕ್ಷೆ ಎಲ್ಲಕ್ಕಿಂತ ನಂಬಿಕೆಯದು. ರಾತ್ರಿ ಕೋಳಿಗಳು ಮಲಗಿ ಮನೆ ಸದ್ದಡಗಿದ ಮೇಲೆ ಗೂಡಿನ ಹತ್ತಿರ ನಿಂತು ಕಿವಿಗೊಡಿ. ಆರೋಗ್ಯದ ಕೋಳಿಯ ಉಸಿರು ಕೇಳಿಸುವುದಿಲ್ಲ. ಗೊರಗೊರ ಸದ್ದು, ಸೀನು, ಸಿಳ್ಳಿನಂಥ ಎಳೆತ ಕೇಳಿಸಿದರೆ ಹಗಲಿನಲ್ಲಿ ಚೆನ್ನಾಗಿ ಕಂಡ ಕೋಳಿಗೂ ರೋಗ ತಗುಲಿದೆ ಎಂದೇ ತಿಳಿಯಿರಿ. ವಾರಕ್ಕೊಮ್ಮೆ ಈ ಕೆಲಸ ಮಾಡುವವರು ರೋಗವನ್ನು ಎರಡು ಮೂರು ದಿನ ಮುಂಚೆಯೇ ಹಿಡಿಯಬಲ್ಲರು.

ಉಸಿರಿನ ರೋಗ ಕೋಳಿಯನ್ನು ಇಷ್ಟು ಬೇಗ ಕೆಡವುವುದಕ್ಕೆ ಅದರ ಮೈಯ ಕಟ್ಟೂ ಕಾರಣ. ನಮಗಿರುವಂತೆ ಎದೆ ಹೊಟ್ಟೆಗಳ ನಡುವಿನ ವಪೆ ಅದಕ್ಕಿಲ್ಲ. ಶ್ವಾಸಕೋಶಗಳು ಬೆನ್ನಿನ ಪಕ್ಕೆಲುಬಿಗೆ ಅಂಟಿಕೊಂಡಿವೆ, ಅವಕ್ಕೆ ಸೇರಿದ ಒಂಬತ್ತು ತೆಳು ಗಾಳಿಚೀಲಗಳು ಹೊಟ್ಟೆಯೊಳಗೂ ಕೆಲವು ಎಲುಬಿನೊಳಗೂ ಹರಡಿವೆ. ಮೂಗಿನಿಂದ ಒಳಹೊಕ್ಕ ರೋಗಾಣು ಆ ಚೀಲಗಳ ದಾರಿ ಹಿಡಿದರೆ ಹೊಟ್ಟೆಯ ತಳದವರೆಗೂ ಹೋಗುತ್ತದೆ. ಚೀಲಗಳಲ್ಲಿ ರಕ್ತದ ಓಡಾಟವೇ ಕಡಿಮೆ, ಆದ್ದರಿಂದ ಒಮ್ಮೆ ಅಲ್ಲಿ ಕೀವು ಕಟ್ಟಿದರೆ ಔಷಧಿಯೂ ಸರಿಯಾಗಿ ತಲುಪುವುದಿಲ್ಲ.

ನಮ್ಮ ಭಾಗದಲ್ಲಿ ಬೀದಿಯನ್ನೇ ಗುಡಿಸಿಹಾಕುವ ಬೇನೆಗೆ ಕನ್ನಡದವರು ಕೊಕ್ಕರೆ ರೋಗ ಎನ್ನುತ್ತಾರೆ, ತೆಲುಗಿನವರು ಕೊಕ್ಕೆರ ತೆಗುಲು ಎನ್ನುತ್ತಾರೆ. ಪಶುವೈದ್ಯರ ಪುಸ್ತಕದಲ್ಲಿ ಅದು ರಾಣಿಖೇತ್ ರೋಗ. 1926ರಲ್ಲಿ ಜಾವಾ ದ್ವೀಪದಲ್ಲೂ ಇಂಗ್ಲೆಂಡಿನ ನ್ಯೂಕ್ಯಾಸಲ್ ಊರಿನಲ್ಲೂ ಇದನ್ನು ಮೊದಲು ಗುರುತಿಸಿದರು. ಸ್ವಲ್ಪದರಲ್ಲೇ ಕುಮಾವೂಂ ಬೆಟ್ಟಗಳ ರಾಣಿಖೇತಿನಲ್ಲಿ ಕಾಣಿಸಿಕೊಂಡು ಭಾರತದಲ್ಲಿ ಆ ಊರಿನ ಹೆಸರನ್ನೇ ಹೊತ್ತುಕೊಂಡಿತು. ಇದು ವೈರಸ್ ರೋಗ. ತಗುಲಿದ ಮೇಲೆ ಸಾಮಾನ್ಯವಾಗಿ ಐದಾರು ದಿನಕ್ಕೆ ಹೊರಬೀಳುತ್ತದೆ. ಕೆಮ್ಮು, ಬಾಯಿ ತೆರೆದು ಎಳೆಯುವ ಉಸಿರು, ಹಸಿರು ಬಣ್ಣದ ನೀರು ಭೇದಿ, ಜೋತುಬಿದ್ದ ರೆಕ್ಕೆ. ಬದುಕಿ ಉಳಿದದ್ದಕ್ಕೆ ಕುತ್ತಿಗೆ ತಿರುಚಿಕೊಂಡು ತಲೆ ಬೆನ್ನಿನ ಮೇಲೆ ಬೀಳುತ್ತದೆ, ಕಾಳು ನೋಡಿ ಕೊಕ್ಕು ಹಾಕಿದರೆ ಗುರಿ ತಪ್ಪುತ್ತದೆ. ಲಸಿಕೆ ಕಾಣದ ಗೂಡಿನಲ್ಲಿ ಒಂದೂ ಉಳಿಯದಿರುವುದು ಅಪರೂಪವಲ್ಲ.

ಇದಕ್ಕೆ ಔಷಧಿ ಇಲ್ಲ. ಬೆಳ್ಳುಳ್ಳಿ, ಅರಿಸಿನ, ಮೆಣಸು ಅರೆದು ನುಂಗಿಸುವ ಅಜ್ಜಿಯರ ಕಕ್ಕುಲಾತಿ ದೊಡ್ಡದು, ಗಂಟಲಿಗೆ ಸ್ವಲ್ಪ ಹಿತವೂ ಆಗಬಹುದು. ವೈರಸ್ ಅದರಿಂದ ನಿಲ್ಲುವುದಿಲ್ಲ. ಮೆಡಿಕಲ್ ಶಾಪಿನ ಕ್ಯಾಪ್ಸೂಲು ಬಿಡಿಸಿ ನೀರಿಗೆ ಬೆರೆಸಿದರೂ ನಿಲ್ಲುವುದಿಲ್ಲ.

ತಡೆಯುವುದು ಲಸಿಕೆ ಒಂದೇ, ಅದು ಹೊಸದೂ ಅಲ್ಲ. ಹಿಮಾಲಯದ ಮುಕ್ತೇಶ್ವರದ ಸರ್ಕಾರಿ ಪಶುವೈದ್ಯ ಸಂಶೋಧನಾಲಯದಲ್ಲಿ 1940ರ ದಶಕದಲ್ಲೇ ತಯಾರಾದ ಲಸಿಕೆ ಆರ್‌ಟುಬಿ ಎಂಬ ಹೆಸರಿನಲ್ಲಿ ಇಂದಿಗೂ ಬಳಕೆಯಲ್ಲಿದೆ. ಕ್ರಮ ಹೀಗಿದೆ: ಮರಿ ಹುಟ್ಟಿ ಒಂದು ವಾರದೊಳಗೆ ಎಫ್ ತಳಿಯ ಅಥವಾ ಲಸೋಟಾ ಲಸಿಕೆಯ ಒಂದು ಹನಿ ಕಣ್ಣಿಗೋ ಮೂಗಿಗೋ. ನಾಲ್ಕನೆಯ ವಾರದಲ್ಲಿ ಲಸೋಟಾ ಇನ್ನೊಂದು ಹನಿ. ಎಂಟು ವಾರ ತುಂಬಿದ ಮೇಲೆ ಆರ್‌ಟುಬಿ ಸೂಜಿ, ರೆಕ್ಕೆಯ ಬುಡದ ಚರ್ಮದಡಿಗೆ. ಸೂಜಿಯ ಲಸಿಕೆ ಗಟ್ಟಿಯದು, ಎಳೆ ಮರಿಗೆ ಹಾಕಿದರೆ ಅದೇ ರೋಗ ತರುತ್ತದೆ, ಆದ್ದರಿಂದ ತಿಳಿದವರ ಕೈಯಿಂದಲೇ ಆಗಬೇಕು. ಅದಕ್ಕೆ ಒಂದು ವಾರ ಮುಂಚೆ ಜಂತುಹುಳದ ಔಷಧಿ ಕುಡಿಸಿದ್ದರೆ ಲಸಿಕೆ ಚೆನ್ನಾಗಿ ಹತ್ತುತ್ತದೆ. ಹನಿ ಹಾಕುವುದನ್ನು ಯಾರೂ ಕಲಿಯಬಹುದು. ಕೋಳಿಯ ತಲೆ ಓರೆ ಮಾಡಿ ಹಿಡಿದು, ಹನಿ ಬಿಟ್ಟು, ಅದು ಕಣ್ಣು ಮಿಟುಕಿಸುವವರೆಗೂ ಕೈಬಿಡಬಾರದು. ಅವಸರದಲ್ಲಿ ಬಿಟ್ಟರೆ ತಲೆ ಕೊಡವಿ ಹನಿ ನೆಲಕ್ಕೆ.

ಇಷ್ಟಿದ್ದೂ ನಾಟಿ ಕೋಳಿಗೆ ಲಸಿಕೆ ಯಾಕೆ ಬೀಳುವುದಿಲ್ಲ? ಸೀಸೆಯ ಅಳತೆಯಿಂದ. ಲಸಿಕೆ ಬರುವುದು ಸಾಮಾನ್ಯವಾಗಿ ನೂರು ಕೋಳಿಗೋ ಅದಕ್ಕೂ ಹೆಚ್ಚಿಗೋ ಆಗುವ ಸೀಸೆಯಲ್ಲಿ, ಏಕೆಂದರೆ ಅದನ್ನು ತಯಾರಿಸುವವರ ಕಣ್ಣು ಸಾವಿರಗಟ್ಟಲೆ ಸಾಕುವ ಫಾರಂಗಳ ಮೇಲಿದೆ. ಪುಡಿಗೆ ದ್ರಾವಣ ಬೆರೆಸಿದ ಮೇಲೆ ಎರಡು ತಾಸಿನೊಳಗೆ ಮುಗಿಸಬೇಕು, ಉಳಿದದ್ದು ನಾಳೆಗೆ ಬರುವುದಿಲ್ಲ. ಅಲ್ಲಿಯವರೆಗೂ 2ರಿಂದ 8 ಡಿಗ್ರಿ ತಂಪಿನಲ್ಲಿರಬೇಕು. ಆರು ಕೋಳಿ ಇರುವ ಹೆಂಗಸು ನೂರು ಕೋಳಿಯ ಸೀಸೆ ತರಲಿ ಎಂದರೆ ಹೇಗೆ ತರುತ್ತಾಳೆ? ತಂದರೂ ಪಕ್ಕದ ಮನೆಯ ಕೋಳಿಗೆ ರೋಗ ಬಂದರೆ ಅದರ ಹಿಕ್ಕೆ, ಅದೇ ಚರಂಡಿಯ ನೀರು, ಅದೇ ತಿಪ್ಪೆ. ಲಸಿಕೆಯ ತಾಕತ್ತು ಇಳಿದ ಕೋಳಿಗೂ ಇನ್ನೂ ಹನಿ ಕಾಣದ ಮರಿಗೂ ಅಲ್ಲಿಂದಲೇ ತಗಲುತ್ತದೆ.

ಆದ್ದರಿಂದ ಬೀದಿಗೆ ಒಂದು ಸೀಸೆ ಎಂದು ಲೆಕ್ಕ ಹಾಕಬೇಕು. ಹದಿನೈದು ಮನೆ ಸೇರಿದರೆ ನೂರು ಕೋಳಿ ತುಂಬುತ್ತವೆ, ತಲೆಗೆ ಬೀಳುವ ಖರ್ಚು ಒಂದು ಮೊಟ್ಟೆಯ ಬೆಲೆಗಿಂತ ಕಡಿಮೆ. ಮೊಜಾಂಬಿಕ್, ಟಾಂಜಾನಿಯಾ ಮುಂತಾದ ಆಫ್ರಿಕದ ದೇಶಗಳಲ್ಲಿ ಹಳ್ಳಿಯವರನ್ನೇ ತರಬೇತಿ ಕೊಟ್ಟು ನಿಲ್ಲಿಸಿ, ನಾಲ್ಕು ತಿಂಗಳಿಗೊಮ್ಮೆ ಊರಿನ ಎಲ್ಲ ಕೋಳಿಗೂ ಒಟ್ಟಿಗೆ ಕಣ್ಣಿನ ಹನಿ ಹಾಕಿಸುತ್ತ ಬಂದಿದ್ದಾರೆ. ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಬಡ ಊರುಗಳಿಗೆಂದೇ ರೂಪಿಸಿದ, ಬಿಸಿಲಿಗೆ ಬೇಗ ಕೆಡದ ಐ-2 ಎಂಬ ಲಸಿಕೆ ಅವರ ಕೆಲಸವನ್ನು ಹಗುರ ಮಾಡಿತು. ಫ್ರಿಜ್ ಇಲ್ಲದ ಊರುಗಳು ಮಾಡಿರುವುದನ್ನು, ಮಂಡಲ ಕೇಂದ್ರದಲ್ಲೇ ಪಶುವೈದ್ಯಶಾಲೆ ಇರುವ ನಾವು ಮಾಡದಿರುವುದು ಸಲ್ಲದು. ಥರ್ಮಾಸ್ ಫ್ಲಾಸ್ಕಿನಲ್ಲಿ ಐಸ್ ತುಂಬಿ ಸೀಸೆ ತಂದರೆ ಸಾಕು. ಕೋಳಿಗಳೆಲ್ಲ ಗೂಡು ಸೇರಿದ ಮೇಲೆ, ಸಂಜೆ ಏಳರ ಸುಮಾರಿಗೆ ಶುರುಮಾಡಿದರೆ ಓಡಿಸಿ ಹಿಡಿಯುವ ಗೋಳಿಲ್ಲ. ಆಗಲೇ ಕಾಯಿಲೆ ಬಿದ್ದ ಕೋಳಿಗೆ ಹಾಕಬೇಡಿ. ಶಕ್ತಿ ಬರಲು ಎರಡು ವಾರ ಬೇಕು, ಅಂದರೆ ಶಿವರಾತ್ರಿಗೆ ಮುಂಚೆಯೇ ಮುಗಿದಿರಬೇಕು.

ಕಾಲದ ಮಾತು ಸುಮ್ಮನೆ ಹೇಳಿದ್ದಲ್ಲ. ಯುಗಾದಿಯ ಮರುದಿನದ ಹೊಸತೊಡಕು, ಆಮೇಲೆ ಸಾಲುಸಾಲಾಗಿ ಬರುವ ಊರಮ್ಮನ ಜಾತ್ರೆಗಳು. ಆ ದಿನಗಳಲ್ಲಿ ಸಿರಾ, ಹಿರಿಯೂರು, ಪಾವಗಡ, ಮಡಕಶಿರಾ ಕಡೆಯ ಕೋಳಿಗಳೆಲ್ಲ ಬುಟ್ಟಿಯಲ್ಲಿ, ಬೈಕಿನ ಹಿಂದೆ ಕಾಲು ಕಟ್ಟಿ ನೇತುಹಾಕಿಕೊಂಡು ಊರೂರು ದಾಟುತ್ತವೆ. ರಾಜ್ಯದ ಗಡಿ ಕೋಳಿಗೂ ಇಲ್ಲ, ವೈರಸ್ಸಿಗೂ ಇಲ್ಲ. ಇನ್ನೂ ಒಂದು ಕಠಿಣ ಮಾತು ಹೇಳಲೇಬೇಕು: ಒಂದು ಕೋಳಿ ತೂಕಡಿಸಿದ್ದು ಕಂಡ ಕೂಡಲೇ ಉಳಿದವನ್ನು ಸಂತೆಗೆ ಒಯ್ದು ಬಂದಷ್ಟಕ್ಕೆ ಮಾರಿಬಿಡುವ ಅಭ್ಯಾಸ ನಮ್ಮಲ್ಲಿದೆ. ನಷ್ಟದ ಭಯ ಅರ್ಥವಾಗುತ್ತದೆ. ಆದರೆ ಹಾಗೆ ಮಾರಿದವರು ಹತ್ತು ಊರಿಗೆ ರೋಗ ಹಂಚಿದರು, ಬೇರೆಯವರು ಹಾಗೇ ಮಾರಿದ ಕೋಳಿ ನಾಳೆ ಅವರ ಮನೆಗೇ ಬರುತ್ತದೆ. ಸಂತೆಯಿಂದ ತಂದ ಕೋಳಿಯನ್ನು ಎರಡು ವಾರವಾದರೂ ಬೇರೆ ಮಂಕರಿಯಡಿ, ಬೇರೆ ನೀರಿನ ತಟ್ಟೆಯಿಟ್ಟು ನೋಡಿ, ಆಮೇಲೆ ಗುಂಪಿಗೆ ಬಿಡಿ.

ಕೊರಕೊರ ಎಂದದ್ದೆಲ್ಲ ಕೊಕ್ಕರೆ ರೋಗವಲ್ಲ. ಮುಖದ ಒಂದು ಮಗ್ಗುಲು ಊದಿ, ಕಣ್ಣು ಮುಚ್ಚಿ, ಮೂಗಿನಿಂದ ಕೊಳೆತ ವಾಸನೆಯ ಲೋಳೆ ಇಳಿದರೆ ಅದು ಕೊರೈಜಾ ಎಂಬ ನೆಗಡಿ. ವಾಸನೆಯೇ ಅದರ ಗುರುತು. ಬ್ಯಾಕ್ಟೀರಿಯದಿಂದ ಬರುವುದರಿಂದ ವೈದ್ಯರು ಕೊಡುವ ಔಷಧಿಗೆ ಬಗ್ಗುತ್ತದೆ, ಕೋಳಿ ಸಾಯುವುದು ಕಡಿಮೆ. ವಾಸಿಯಾದ ಕೋಳಿ ಮಾತ್ರ ರೋಗಾಣುವನ್ನು ಒಳಗೇ ಇಟ್ಟುಕೊಂಡಿರಬಹುದು. ವಾರಗಟ್ಟಲೆ ಗೊರಗುಟ್ಟುತ್ತ, ಸೊರಗುತ್ತ, ಮೊಟ್ಟೆ ಇಳಿಸುತ್ತ ಸಾಗುವುದು ಮೈಕೋಪ್ಲಾಸ್ಮಾ. ಇದು ತಾಯಿಯಿಂದ ಮೊಟ್ಟೆಯ ಮೂಲಕ ಮರಿಗೂ ಇಳಿಯುತ್ತದೆ, ಹಾಗಾಗಿ ಗೊರಗುಟ್ಟುವ ಹ್ಯಾಟೆಯ ಮೊಟ್ಟೆಯನ್ನು ಕಾವಿಗೆ ಇಡಬಾರದು. ಬಾಯೊಳಗೆ ಹಳದಿ ಪೊರೆ ಕಟ್ಟಿ, ಜುಟ್ಟಿನ ಮೇಲೆ ಕಜ್ಜಿ ಎದ್ದರೆ ಸಿಡುಬು. ಗಂಟಲಲ್ಲಿ ಬಿಳಿ ಚುಕ್ಕೆ, ಕಣ್ಣಲ್ಲಿ ನೀರು ಮಾತ್ರ ಇದ್ದರೆ ಎ ಜೀವಸತ್ವದ ಕೊರತೆ ಇರಬಹುದು. ಹಸಿರೇ ಕಾಣದ ಬೇಸಿಗೆಯಲ್ಲಿ ಇದು ಸಹಜ, ನುಗ್ಗೆ ಸೊಪ್ಪು ಸಣ್ಣಗೆ ಹೆಚ್ಚಿ ಹಾಕಿದರೆ ಈ ಕೊರತೆ ನೀಗುತ್ತದೆ.

ನಮ್ಮದೇ ನೆಲಕ್ಕೆ ಸೇರಿದ ಒಂದು ಅಪಾಯದ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಅನಂತಪುರ ಸೀಮೆ ಎಂದರೆ ಕಡಲೆಕಾಯಿ. ಸುಲಿದ ಸಿಪ್ಪೆಯನ್ನು ಮರಿಗಳ ಕೆಳಗೆ ಹಾಸುತ್ತೇವೆ, ಮುಗ್ಗಿದ ಕಾಳನ್ನು "ಮನುಷ್ಯರಿಗೆ ಬೇಡ, ಕೋಳಿ ತಿನ್ನಲಿ" ಎಂದು ಎರಚುತ್ತೇವೆ. ಎರಡೂ ತಪ್ಪು. ತೇವ ಹಿಡಿದ ಸಿಪ್ಪೆಯಲ್ಲಿ ಬೂಷ್ಟು ಬೆಳೆದು, ಅದರ ಕಣ್ಣಿಗೆ ಕಾಣದ ಪುಡಿ ಮರಿಯ ಶ್ವಾಸಕೋಶ ಸೇರಿ ಅಲ್ಲೇ ಗಂಟು ಕಟ್ಟುತ್ತದೆ. ಮರಿ ಸದ್ದಿಲ್ಲದೆ ಬಾಯಿ ತೆರೆದು ಏದುತ್ತ ಸಾಯುತ್ತದೆ. ಗೊರಗುಟ್ಟುವ ಸದ್ದೇ ಇರುವುದಿಲ್ಲ, ಅದೇ ಗುರುತು. ಇದಕ್ಕೆ ಮದ್ದಿಲ್ಲ. ಮುಗ್ಗಿದ ಕಾಳಿನ ಕಥೆ ಇನ್ನೂ ದೊಡ್ಡದು. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಕಾರಣ ತಿಳಿಯದೆ ಸತ್ತವು. ಹುಡುಕಿದಾಗ ಬ್ರೆಜಿಲ್‌ನಿಂದ ಬಂದ ಕಡಲೆಕಾಯಿ ಹಿಂಡಿಯಲ್ಲಿ ಬೂಷ್ಟಿನ ವಿಷ ಸಿಕ್ಕಿತು, ಅದೇ ಅಫ್ಲಾಟಾಕ್ಸಿನ್. ಸ್ವಲ್ಪ ಪ್ರಮಾಣದಲ್ಲಿ ಹೊಟ್ಟೆ ಸೇರಿದರೂ ಅದು ಕೋಳಿಯ ರೋಗ ತಡೆಯುವ ಶಕ್ತಿಯನ್ನು ಕುಂದಿಸುತ್ತದೆ, ಹಾಕಿಸಿದ ಲಸಿಕೆಯೂ ಸರಿಯಾಗಿ ಹತ್ತದು. ಲಸಿಕೆ ಹಾಕಿಸಿದರೂ ಕೋಳಿ ಸತ್ತವು ಎಂದು ದೂರುವ ಮುನ್ನ ಕಾಳಿನ ಮೂಟೆ ಬಿಚ್ಚಿ ನೋಡಿ. ಮರಿಗಳ ಕೆಳಗೆ ಬಿಸಿಲಿಗೆ ಚೆನ್ನಾಗಿ ಒಣಗಿಸಿದ ಭತ್ತದ ಹೊಟ್ಟು ಅಥವಾ ಮರಳು ಹಾಕಿ. ಬೆಳಗ್ಗೆ ಗೂಡಿನ ಬಾಗಿಲು ತೆರೆದಾಗ ನಿಮ್ಮ ಕಣ್ಣು ಉರಿದರೆ ಹಿಕ್ಕೆಯ ಅಮೋನಿಯ ಅಷ್ಟು ತುಂಬಿದೆ ಎಂದರ್ಥ. ರಾತ್ರಿಯಿಡೀ ಅದನ್ನು ಉಸಿರಾಡಿದ ಕೋಳಿಯ ಗಂಟಲು ಯಾವ ರೋಗವನ್ನೂ ತಡೆಯದು.

ಔಷಧಿ ಕೊಡುವಾಗ ಎರಡು ಎಚ್ಚರ. ವೈದ್ಯರು ಹೇಳಿದಷ್ಟು ದಿನ ಪೂರ್ತಿ ಕೊಡಬೇಕು, ಅವರು ಹೇಳಿದಷ್ಟು ದಿನ ಆ ಕೋಳಿಯ ಮೊಟ್ಟೆ ಮಾಂಸ ತಿನ್ನಬಾರದು. ಕೊಲಿಸ್ಟಿನ್ ಎಂಬ ಔಷಧಿ ಮನುಷ್ಯರ ಪಾಲಿಗೆ ಕೊನೆಯ ಆಸರೆ, ಅದನ್ನು ಕೋಳಿಗೆ ಬಳಸುವುದನ್ನು ಕೇಂದ್ರ ಸರ್ಕಾರ 2019ರ ಜುಲೈನಲ್ಲೇ ನಿಷೇಧಿಸಿದೆ. ಯಾರಾದರೂ ಕೊಟ್ಟರೂ ತೆಗೆದುಕೊಳ್ಳಬೇಡಿ.

ಸತ್ತ ಕೋಳಿಯನ್ನು ತಿಪ್ಪೆಗೂ ಕುಂಟೆಗೂ ಎಸೆಯದೆ, ನಾಯಿ ಕೆದರಲಾಗದಷ್ಟು ಆಳಕ್ಕೆ ಸುಣ್ಣ ಹಾಕಿ ಹೂಳಿ. ಗೂಡಿಗೆ ಸುಣ್ಣ ಬಳಿದು ಬಿಸಿಲಿಗೆ ತೆರೆದಿಡಿ. ಹೊಸ ಮರಿ ತರಲು ಒಂದೆರಡು ತಿಂಗಳು ತಾಳಿ.

ಒಂದೆರಡು ದಿನದಲ್ಲೇ ಹಲವು ಕೋಳಿ ದಿಢೀರನೆ ಸತ್ತರೆ, ಜುಟ್ಟು ನೀಲಿಗಟ್ಟಿದರೆ, ಕಾಗೆಯೋ ಬಾತುಕೋಳಿಯೋ ಸತ್ತುಬಿದ್ದಿದ್ದರೆ ಹಕ್ಕಿಜ್ವರದ ಅನುಮಾನ ಪಡಲೇಬೇಕು. ದೇಶದಲ್ಲಿ ಅದು ಮೊದಲು ಕಾಣಿಸಿದ್ದು 2006ರ ಫೆಬ್ರವರಿಯಲ್ಲಿ, ಮಹಾರಾಷ್ಟ್ರದ ನವಾಪುರದಲ್ಲಿ. 2012ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಹೆಸರಘಟ್ಟಕ್ಕೆ ಬಂತು, 2025ರ ಫೆಬ್ರವರಿಯಲ್ಲಿ ನಮ್ಮ ನೆರೆಯ ಚಿಕ್ಕಬಳ್ಳಾಪುರ ಜಿಲ್ಲೆಯ ವರದಹಳ್ಳಿಯಲ್ಲಿ ಹಿತ್ತಲ ಕೋಳಿಗಳಲ್ಲೇ ಕಾಣಿಸಿತು. ಅಂಥ ಕೋಳಿಯನ್ನು ಕೊಯ್ಯಬೇಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ, ಪಶುವೈದ್ಯಶಾಲೆಗೆ ತಿಳಿಸಿ. 2009ರ ಪ್ರಾಣಿ ಸಾಂಕ್ರಾಮಿಕ ರೋಗ ಕಾಯ್ದೆಯಂತೆ ತಿಳಿಸುವುದು ಸಾಕಿದವರ ಕರ್ತವ್ಯ. ಪಶು ಚಿಕಿತ್ಸಾ ವಾಹನದ 1962 ನಂಬರಿಗೂ ಫೋನ್ ಮಾಡಬಹುದು.

ಇದನ್ನು ಓದುತ್ತಿರುವ ಸ್ತ್ರೀಶಕ್ತಿ ಸಂಘದ, ಡ್ವಾಕ್ರಾ ಗುಂಪಿನ ಅಕ್ಕಂದಿರಲ್ಲಿ ಒಂದು ಕೋರಿಕೆ. ನಿಮ್ಮ ಗುಂಪಿನ ಮುಂದಿನ ಸಭೆಯಲ್ಲಿ ಸಾಲದ ಲೆಕ್ಕ ಮುಗಿದ ಮೇಲೆ ಯಾರ ಮನೆಯಲ್ಲಿ ಎಷ್ಟು ಕೋಳಿ, ಎಷ್ಟು ಮರಿ ಎಂದು ಒಂದು ಹಾಳೆಯಲ್ಲಿ ಬರೆಯಿರಿ. ಆ ಹಾಳೆಯನ್ನು ಪಶುವೈದ್ಯಶಾಲೆಗೆ ಒಯ್ದು ಕೊಟ್ಟು, ಶಿವರಾತ್ರಿಗೆ ಮುಂಚಿನ ಒಂದು ಸಂಜೆಯನ್ನು ಅವರಿಂದ ಗೊತ್ತು ಮಾಡಿಸಿಕೊಳ್ಳಿ.