ಅಜ್ಜನ ಟ್ರಂಕಿನ ಮೇಲಿನ ನಂಬರ್

ಸೈನ್ಯದಲ್ಲಿ ದುಡಿದು ಬಂದವರ ಮನೆಯಲ್ಲಿ, ಅಟ್ಟದ ಮೇಲೋ ಮಂಚದ ಕೆಳಗೋ, ಒಂದು ಕಪ್ಪು ಟ್ರಂಕು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಅದರ ಮೇಲೆ ಬಿಳಿ ಬಣ್ಣದಲ್ಲಿ ನಂಬರ್, ರ‍್ಯಾಂಕ್, ಹೆಸರು ಬರೆದಿರುತ್ತದೆ. ಮನೆಯ ಮಿಲಿಟ್ರಿ ಅಜ್ಜನನ್ನೋ ಮಾವನನ್ನೋ ಗೌರವಿಸಬೇಕು ಎಂಬ ಮನಸ್ಸಿದ್ದವರು ಮೊದಲು ಆ ನಂಬರನ್ನು ಬರೆದಿಟ್ಟುಕೊಳ್ಳಲಿ. ಹಾರ, ಶಾಲು ಆಮೇಲೆ. ಅವರು ಯಾವ ಯುನಿಟ್‌ನಲ್ಲಿದ್ದರು, ಏನು ಕೆಲಸ ಮಾಡಿದರು ಎಂಬುದೇ ಗೊತ್ತಿಲ್ಲದ ಮನೆಯವರು ಹೊದಿಸುವ ಶಾಲಿಗೆ ಅಜ್ಜ ಕೈಮುಗಿಯಬಹುದು. ಅವರ ಮನಸ್ಸಿನಲ್ಲಿರುವುದು ಹಾಗೇ ಉಳಿದುಬಿಡುತ್ತದೆ.

ಹೆಸರಿಗಿಂತ ಈ ಸರ್ವಿಸ್ ನಂಬರ್ ಏಕೆ ಮುಖ್ಯ? ನಮ್ಮ ಕಡೆಯ ಹೆಸರುಗಳು ದಾಖಲೆಯಿಂದ ದಾಖಲೆಗೆ ಬೇರೆ ಬೇರೆ ಸ್ಪೆಲಿಂಗ್‌ನಲ್ಲಿ ಬಿದ್ದಿರುತ್ತವೆ. ಹುಡುಕಲು ನಂಬಿಕಸ್ತ ದಾರಿ ನಂಬರ್ ಒಂದೇ. ಆದರೆ ಹವಾಲ್ದಾರರಾಗಿದ್ದವರು ಬಡ್ತಿ ಪಡೆದು ಜೆಸಿಒ (ಜೂನಿಯರ್ ಕಮಿಷನ್ಡ್ ಆಫೀಸರ್) ಆದಾಗ ‘ಜೆಸಿ’ ಎಂದು ಶುರುವಾಗುವ ಹೊಸ ನಂಬರ್ ಬರುತ್ತದೆ. ಅಜ್ಜ ಸುಬೇದಾರರಾಗಿ ನಿವೃತ್ತರಾಗಿದ್ದರೆ ಹಳೆಯದು, ಹೊಸದು ಎರಡೂ ಬೇಕು.

ಟ್ರಂಕಿನೊಳಗಿನ ಮುಖ್ಯ ಕಾಗದ ಡಿಸ್ಚಾರ್ಜ್ ಬುಕ್. ಭರ್ತಿಯಾದ ದಿನ, ಬಿಡುಗಡೆಯ ದಿನ, ಟ್ರೇಡ್, ಪಡೆದ ಮೆಡಲ್‌ಗಳು ಅದರಲ್ಲಿರುತ್ತವೆ. ಅದನ್ನು ಸ್ಕ್ಯಾನ್ ಮಾಡಿಸಿ, ಲ್ಯಾಮಿನೇಷನ್ ಮಾತ್ರ ಬೇಡ. ಹಳೆಯ ಕಾಗದ ಹಾಳಾಗುತ್ತದೆ. ಅದರ ಫೋಟೋವನ್ನೋ ಪೆನ್ಷನ್ ಆದೇಶದ ಪಿಪಿಒ ನಂಬರನ್ನೋ ವಾಟ್ಸಾಪ್ ಗುಂಪಿಗೆ ಹಾಕುವುದೂ ಬೇಡ. ಪಿಂಚಣಿದಾರರನ್ನೇ ಹುಡುಕುವ ವಂಚಕರಿದ್ದಾರೆ.

ಬುಕ್ ಕಳೆದಿದ್ದರೆ ಆಯಾ ದಳದ ರೆಕಾರ್ಡ್ಸ್ ಆಫೀಸಿಗೆ ಅರ್ಜಿ ಹಾಕಬೇಕು. ಮದ್ರಾಸ್ ಎಂಜಿನಿಯರ್ ಗ್ರೂಪ್‌ನದು (ಎಂಇಜಿ) ಬೆಂಗಳೂರಿನಲ್ಲಿದೆ, ಮರಾಠಾ ಲೈಟ್ ಇನ್‌ಫೆಂಟ್ರಿಯದು ಬೆಳಗಾವಿಯಲ್ಲಿ, ಮದ್ರಾಸ್ ರೆಜಿಮೆಂಟಿನದು ನೀಲಗಿರಿಯ ವೆಲಿಂಗ್ಟನ್‌ನಲ್ಲಿ, ಸಿಗ್ನಲ್ಸ್‌ನದು ಜಬಲ್ಪುರದಲ್ಲಿ. ವಾಯುಪಡೆಯ ಏರ್‌ಮನ್‌ಗಳ ದಾಖಲೆ ದೆಹಲಿಯ ಸುಬ್ರೊತೊ ಪಾರ್ಕಿನಲ್ಲಿ, ನೌಕಾಪಡೆಯ ನಾವಿಕರದು ಮುಂಬೈಯಲ್ಲಿ. ಅರ್ಜಿ ಬರೆಯುವುದು ಹೇಗೆಂದು ತಿಳಿಯದಿದ್ದರೆ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಗೆ ಹೋಗಿ. ಅದು ಎಲ್ಲ ಜಿಲ್ಲೆಯಲ್ಲೂ ಇಲ್ಲ. ನಿಮ್ಮ ಜಿಲ್ಲೆಯನ್ನು ಪಕ್ಕದ ಜಿಲ್ಲೆಯ ಕಚೇರಿ ನೋಡಿಕೊಳ್ಳುತ್ತಿರಬಹುದು.

ಇನ್ನು ಮೆಡಲ್‌ಗಳು. ಓದಲು ಕಲಿತರೆ ಇವು ಬಹಳಷ್ಟು ಹೇಳುತ್ತವೆ. ಅಂಚಿನ ಮೇಲೆ ಬೆರಳಾಡಿಸಿ ನೋಡಿ, ಅಲ್ಲಿ ಸಾಮಾನ್ಯವಾಗಿ ನಂಬರ್ ಮತ್ತು ಹೆಸರು ಅಚ್ಚಾಗಿರುತ್ತದೆ. ಸಮರ ಸೇವಾ ಸ್ಟಾರ್ ಇದ್ದರೆ ಅಜ್ಜ 1965ರ ಯುದ್ಧಭೂಮಿಯಲ್ಲಿದ್ದವರು. ಪೂರ್ವಿ ಸ್ಟಾರ್ ಎಂದರೆ 1971ರಲ್ಲಿ ಬಾಂಗ್ಲಾ ಕಡೆಯ ರಣರಂಗ, ಪಶ್ಚಿಮಿ ಸ್ಟಾರ್ ಎಂದರೆ ಪಶ್ಚಿಮದ ಪಾಕಿಸ್ತಾನ ಗಡಿ. ಸ್ವಾತಂತ್ರ್ಯದ 25ನೇ ವರ್ಷದ ಮೆಡಲ್ ಸಿಕ್ಕಿದ್ದರೆ 1972ರ ಆಗಸ್ಟ್ 15ರಂದು ಅವರು ಸೇವೆಯಲ್ಲಿದ್ದರು ಎಂದು ಹೇಳಬಹುದು. ದೀರ್ಘ ಸೇವೆಗೆ 9, 20, 30 ವರ್ಷದ ಮೆಡಲ್‌ಗಳಿವೆ. ಹುಣಸೆಹಣ್ಣು ಹಾಕಿ ತಿಕ್ಕಿ ಹೊಳಪು ಬರಿಸಬೇಡಿ, ಅಕ್ಷರ ಸವೆಯುತ್ತದೆ. ರಿಬ್ಬನ್ ಬಿಸಿಲಿಗೆ ಬಣ್ಣ ಕಳೆದುಕೊಳ್ಳುತ್ತದೆ. ಬುಕ್ಕಿನಲ್ಲಿ ನಮೂದಾಗಿದ್ದೂ ಕೈಗೆ ಬಾರದ ಮೆಡಲ್ ಇದ್ದರೆ ರೆಕಾರ್ಡ್ಸ್ ಆಫೀಸಿನಲ್ಲಿ ಕೇಳಬಹುದು. ಮೃತರ ಮೆಡಲ್‌ಗಳನ್ನು ಯುದ್ಧ ಸ್ಮಾರಕದ ಶ್ರದ್ಧಾಂಜಲಿಯ ಹೊತ್ತಿಗೆ ಹತ್ತಿರದ ಬಂಧುಗಳು ಧರಿಸಬಹುದು, ಎದೆಯ ಬಲಗಡೆಗೆ. ಎಡಗಡೆ ಗಳಿಸಿದವರದೇ.

ಹಳೆಯ ಇನ್‌ಲ್ಯಾಂಡ್ ಪತ್ರಗಳನ್ನೂ ಎಸೆಯಬೇಡಿ. ವಿಳಾಸದಲ್ಲಿ 56 ಎಪಿಒ (ಸೇನಾ ಅಂಚೆ ಕಚೇರಿ) ಎಂದಿದ್ದರೆ ಉತ್ತರ ಮತ್ತು ಪಶ್ಚಿಮದ ಕಡೆ, 99 ಎಪಿಒ ಎಂದಿದ್ದರೆ ಈಶಾನ್ಯದ ಕಡೆ ಅವರಿದ್ದರು ಎಂದು ಅಂದಾಜಿಸಬಹುದು.

ಅಜ್ಜ ಬದುಕಿದ್ದರೆ ಅವರ ಮುಂದೆ ಕೂತು ಕೇಳುವುದೇ ಎಲ್ಲಕ್ಕಿಂತ ದೊಡ್ಡ ಕೆಲಸ. ‘ಎಷ್ಟು ಜನರನ್ನು ಹೊಡೆದಿರಿ’ ಎಂದು ಮಕ್ಕಳು ಕೇಳುತ್ತಾರೆ. ಆ ಪ್ರಶ್ನೆಯಿಂದ ಎಷ್ಟೋ ಬಾಯಿಗಳು ಮುಚ್ಚಿಹೋಗಿವೆ. ಭರ್ತಿಗೆ ಯಾರ ಜೊತೆ ಹೋದಿರಿ, ಲಂಗರದಲ್ಲಿ ಏನು ಬಡಿಸುತ್ತಿದ್ದರು, ಹಿಂದಿ ಬಾರದೆ ಮೊದಲ ತಿಂಗಳು ಹೇಗೆ ಕಳೆದಿರಿ ಎಂದು ಕೇಳಿ. ಡ್ರೈವರ್, ಅಡುಗೆಯವರು, ನರ್ಸ್, ಗುಮಾಸ್ತರು ‘ನಾನೇನು ಬಂದೂಕು ಹಿಡಿದವನಲ್ಲ’, ‘ನಾನೇನು ಗಡಿಗೆ ಹೋದವಳಲ್ಲ’ ಎಂದು ಹಿಂಜರಿಯುತ್ತಾರೆ. ಅವರನ್ನು ಬಿಡದೆ ಕೇಳಿ. ಒಪ್ಪಿದರೆ ಫೋನಿನಲ್ಲಿ ರೆಕಾರ್ಡ್ ಮಾಡಿ. ಸುಮ್ಮನಾದರೆ ನೀವೂ ಸುಮ್ಮನಿರಿ. ಅಜ್ಜಿಯನ್ನೂ ಕೂರಿಸಿಕೊಳ್ಳಿ, ವರ್ಷಕ್ಕೊಮ್ಮೆ ಬರುವ ರಜೆಯ ಇನ್ನೊಂದು ಬದಿ ಅವರಿಗೇ ಗೊತ್ತು.

ಗೌರವಿಸಲು ದಿನವೊಂದು ಬೇಕೆನ್ನುವವರಿಗೆ ಜನವರಿ 14 ಇದೆ. 1953ರಲ್ಲಿ ಅದೇ ದಿನ ಸೇನೆಯ ಮೊದಲ ಭಾರತೀಯ ಮುಖ್ಯಸ್ಥ, ಕೊಡಗಿನ ಕೆ.ಎಂ. ಕಾರ್ಯಪ್ಪ ನಿವೃತ್ತರಾದರು. ಅದು ಈಗ ದೇಶದ ಮಾಜಿ ಸೈನಿಕರ ದಿನ.

ಯುದ್ಧದಿಂದ ಮರಳದವರಿದ್ದರೆ, 1947ರ ನಂತರದವರ ಹೆಸರನ್ನು ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕದ ತ್ಯಾಗಚಕ್ರದ ಕಲ್ಲುಗಳಲ್ಲಿ ಹುಡುಕಿ. ಎರಡು ಮಹಾಯುದ್ಧಗಳಲ್ಲಿ ಮಡಿದ ಭಾರತೀಯರ ಹೆಸರುಗಳು ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ ಪಟ್ಟಿಯಲ್ಲಿವೆ. ಅಂತರ್ಜಾಲದಲ್ಲಿ ಉಚಿತವಾಗಿ ನೋಡಬಹುದು. ಮುತ್ತಜ್ಜನ ಹೆಸರು ಸಿಂಗಪುರದ ಕ್ರಾಂಜಿಯಲ್ಲೋ ಇರಾಕಿನ ಬಸ್ರಾದಲ್ಲೋ ಸಿಕ್ಕರೆ ಅಚ್ಚರಿಯಿಲ್ಲ.

ನಿವೃತ್ತರು ಮನೆಯಲ್ಲಿ ತೀರಿಕೊಂಡಾಗ ಪ್ರೀತಿಯಿಂದಲೇ ಆದರೂ ರಾಷ್ಟ್ರಧ್ವಜವನ್ನು ನಾವಾಗಿಯೇ ಹೊದಿಸುವಂತಿಲ್ಲ. ಸರ್ಕಾರಿ ಗೌರವದ ಅಥವಾ ಸೇನಾಪಡೆಗಳ ಅಂತ್ಯಕ್ರಿಯೆಗೆ ಮಾತ್ರ ಅದಕ್ಕೆ ಅವಕಾಶ. ಸೈನಿಕ ಕಲ್ಯಾಣ ಕಚೇರಿಗೆ ತಕ್ಷಣ ಫೋನ್ ಮಾಡಿ, ಏನು ಸಾಧ್ಯವೆಂದು ಕೇಳಿ.

ಇದಕ್ಕೆಲ್ಲ ಮೊದಲೇ, ಈ ವಾರವೇ ಆಗಬೇಕಾದ ಒಂದು ಕೆಲಸವಿದೆ. ಪಿಪಿಒದಲ್ಲಿ ಅಜ್ಜಿಯ ಹೆಸರು, ಜನ್ಮ ದಿನಾಂಕ ಆಧಾರ್‌ನಲ್ಲಿರುವಂತೆಯೇ ಇದೆಯೇ ನೋಡಿ. ತವರಿನ ಹೆಸರು ಒಂದು, ಗಂಡನ ಮನೆಯದು ಇನ್ನೊಂದು, ಸೇನೆಯ ದಾಖಲೆಯಲ್ಲಿ ಮೂರನೆಯದು ಇರುವುದು ನಮ್ಮಲ್ಲಿ ಹೊಸತಲ್ಲ. ಅಜ್ಜ ಇದ್ದಾಗ ಅವರ ಸಹಿಯೊಂದಿಗೆ ರೆಕಾರ್ಡ್ಸ್ ಆಫೀಸಿಗೆ ಅರ್ಜಿ ಹೋದರೆ ತಿದ್ದುಪಡಿ ಸುಲಭ. ಅವರು ಹೋದಮೇಲೆ, ಕುಟುಂಬ ಪಿಂಚಣಿ ಬರುವುದಕ್ಕೆ ಮುಂಚೆ, ತಾನೇ ಆ ಹೆಂಡತಿ ಎಂದು ಅಜ್ಜಿ ಕಚೇರಿಯಿಂದ ಕಚೇರಿಗೆ ಸಾಬೀತುಪಡಿಸುತ್ತ ಅಲೆಯಬೇಕಾಗುತ್ತದೆ.