ಇಂಗ್ಲೀಷಿನಲ್ಲಿ ಎಣಿಕೆಯ ಶಬ್ದಗಳೂ ಅಳತೆಯ ಶಬ್ದಗಳೂ

ಎಣಿಸತಕ್ಕ ವಸ್ತು ಬೇರೆ, ಅಳೆಯತಕ್ಕ ವಸ್ತು ಬೇರೆ ಎಂಬ ವಿವೇಕವು ವ್ಯಾಕರಣಶಾಸ್ತ್ರಕ್ಕೆ ಹೊಸದಲ್ಲ. ಪಾಣಿನಿಯು ‘ಬಹು’, ‘ಗಣ’ ಮೊದಲಾದ ಶಬ್ದಗಳಿಗೆ ಸಂಖ್ಯಾಸಂಜ್ಞೆಯನ್ನು ವಿಧಿಸಿರುವ ಸೂತ್ರವನ್ನು (೧-೧-೨೩) ವ್ಯಾಖ್ಯಾನಿಸುತ್ತ ಕಾಶಿಕಾಕಾರರು, ಬಹುಶಬ್ದವು ವೈಪುಲ್ಯವನ್ನು ಹೇಳುವಲ್ಲಿ ಈ ಸಂಜ್ಞೆ ಸಲ್ಲದೆಂದು ತಿಳಿಸಿದ್ದಾರೆ. ಬಹುಜನರೆಂಬಲ್ಲಿ ಸಂಖ್ಯೆ, ಬಹುಜಲವೆಂಬಲ್ಲಿ ವೈಪುಲ್ಯ, ಶಬ್ದವೊಂದೇ, ಅರ್ಥವೆರಡು. ಇಂಗ್ಲೀಷಿನಲ್ಲಾದರೋ ಶಬ್ದಗಳೇ ಬೇರೆಯಾಗಿವೆ. ಆಧಿಕ್ಯದಲ್ಲಿ ಎಣಿಕೆಗೆ ‘ಮೆನಿ’, ಅಳತೆಗೆ ‘ಮಚ್’. ಅಲ್ಪತ್ವದಲ್ಲಿ ಎಣಿಕೆಗೆ ‘ಫ್ಯೂ’, ಅಳತೆಗೆ ‘ಲಿಟ್ಲ್’. ‘ಸಮ್’, ‘ಎನಿ’ ಎಂಬುವು ಉಭಯಸಾಧಾರಣ.

ಇಷ್ಟನ್ನು ಪಾಠಪುಸ್ತಕಗಳೆಲ್ಲವೂ ಹೇಳುತ್ತವೆ. ಕನ್ನಡಿಗನಿಗೆ ತೊಡಕು ಈ ನಿಯಮದಲ್ಲಿಲ್ಲ. ‘ಕೆಲವು ಮರ’, ‘ಹಲವು ಊರು’ ಎನ್ನುವವನು ‘ಕೆಲವು ಹಾಲು’ ಎಂದು ಎಂದಿಗೂ ಹೇಳನು. ಹಳಗನ್ನಡದ ‘ಪಲಬರ್’, ‘ಕೆಲಬರ್’, ‘ಎನಿಬರ್’ ಎಂಬ ರೂಪಗಳಂತೂ ಮನುಷ್ಯರ ಎಣಿಕೆಗೇ ಮೀಸಲು. ತೊಡಕಿರುವುದು ಯಾವ ನಾಮಪದವು ಯಾವ ವರ್ಗಕ್ಕೆ ಸೇರಿದುದೆಂಬಲ್ಲಿ. ಕನ್ನಡದಲ್ಲಿ ಎರಡು ಸಲಹೆ, ನಾಲ್ಕು ಸುದ್ದಿ ಎನ್ನಬಹುದು. ಇಂಗ್ಲೀಷಿನ ‘ಅಡ್ವೈಸ್’, ‘ನ್ಯೂಸ್’, ‘ಇನ್‌ಫರ್ಮೇಷನ್’ ಎಂಬುವು ಎಣಿಕೆಗೆ ನಿಲ್ಲವು. ಎಣಿಸಲೇಬೇಕಾದರೆ ‘ಪೀಸ್’, ಎಂದರೆ ತುಂಡು, ಎಂಬ ಪದವನ್ನು ಮುಂದಿಟ್ಟುಕೊಳ್ಳಬೇಕು. ಕುರ್ಚಿಯನ್ನೂ ಮೇಜನ್ನೂ ಎಣಿಸಬಹುದು. ಅವೆರಡನ್ನೂ ಒಳಗೊಂಡ ‘ಫರ್ನಿಚರ್’ ಶಬ್ದವನ್ನು ಎಣಿಸಲಾಗದು! ‘ವ್ಹೀಟ್’ (ಗೋಧಿ) ಏಕವಚನ, ಅದರಂತೆಯೇ ಧಾನ್ಯವಾದ ‘ಓಟ್ಸ್’ ಬಹುವಚನ. ಆದುದರಿಂದ ಈ ವಿಭಾಗವು ವಸ್ತುನಿಷ್ಠವಲ್ಲ, ಶಬ್ದನಿಷ್ಠವೆಂದೇ ಹೇಳಬೇಕು. ನೀರನ್ನು ಹೇಳುವ ಅಪ್‌ಶಬ್ದವನ್ನು ನಿತ್ಯಬಹುವಚನವಾಗಿ ಕಲಿತವರಿಗೆ ಇದು ಅಚ್ಚರಿಯಾಗಬೇಕಾದುದಿಲ್ಲ. ಡೆನ್ಮಾರ್ಕಿನ ವಿದ್ವಾಂಸ ಓಟ್ಟೊ ಯೆಸ್ಪರ್ಸನ್ನರು ೧೯೨೪ರಲ್ಲಿ ಪ್ರಕಟಿಸಿದ ‘ದಿ ಫಿಲಾಸಫಿ ಆಫ್ ಗ್ರಾಮರ್’ ಗ್ರಂಥದಲ್ಲಿ ಅಳತೆಯ ನಾಮಗಳನ್ನು ‘ಮಾಸ್-ವರ್ಡ್ಸ್’, ರಾಶಿಶಬ್ದಗಳು, ಎಂದು ಕರೆದು ವಿಚಾರಮಾಡಿದ್ದಾರೆ.

ಶಬ್ದವು ವರ್ಗವನ್ನು ಬದಲಾಯಿಸುವುದೂ ಉಂಟು. ಬಟಾಣಿಗೆ ಹಿಂದೆ ‘ಪೀಜ಼್’ ಎಂಬುದೇ ಮೂಲರೂಪವಾಗಿದ್ದಿತು. ಅದರ ಕೊನೆಯ ಸಕಾರವನ್ನು ಜನರು ಬಹುವಚನಪ್ರತ್ಯಯವೆಂದು ಭ್ರಮಿಸಿದುದರಿಂದ, ೧೭ನೆಯ ಶತಮಾನದಲ್ಲಿ ‘ಪೀ’ ಎಂಬ ಏಕವಚನವು ಹುಟ್ಟಿತು. ಎಣಿಸಬಹುದಾದ ಬಟಾಣಿಕಾಳು ಭ್ರಾಂತಿಯಿಂದ ದೊರೆಯಿತು.

ಭಾಷಾಂತರಕಾರರು ಹೆಚ್ಚಾಗಿ ಎಡವುವುದು ಅಲ್ಪತ್ವವಾಚಕಗಳಲ್ಲಿ. ‘ಎ’ ಎಂಬ ಒಂದಕ್ಷರದ ಉಪಪದದಿಂದ ಅರ್ಥವು ತಲೆಕೆಳಗಾಗುತ್ತದೆ. ‘ಎ ಫ್ಯೂ’ ಎಂದರೆ ಕೆಲವು ಉಂಟೆಂದು ಭಾವಪ್ರಧಾನ; ಬರಿಯ ‘ಫ್ಯೂ’ ಎಂದರೆ ಇಲ್ಲವೆನ್ನುವಷ್ಟು ಕಡಿಮೆಯೆಂದು ಅಭಾವಪ್ರಧಾನ. ‘ಎ ಲಿಟ್ಲ್’, ‘ಲಿಟ್ಲ್’ ಎಂಬುವುಗಳ ಗತಿಯೂ ಇದೇ. ರೋಗಿಯ ವಿಷಯದಲ್ಲಿ ವೈದ್ಯನು ‘ಲಿಟ್ಲ್ ಹೋಪ್’ ಎಂದುದನ್ನು ‘ಸ್ವಲ್ಪ ಆಶೆಯುಂಟು’ ಎಂದು ಕನ್ನಡಿಸಿದರೆ, ಆತನು ಕೈಬಿಟ್ಟ ರೋಗಿಗೆ ಬಂಧುಗಳು ಹರಕೆಯ ಸಮಾರಾಧನೆಗೆ ದಿನವನ್ನು ಗೊತ್ತುಮಾಡಿಯಾರು. ‘ಆಶೆ ಅಷ್ಟಾಗಿ ಇಲ್ಲ’ ಎಂಬುದೇ ಸರಿಯಾದ ಕನ್ನಡ. ಸಂಸ್ಕೃತದ ನಞ್ ಅಭಾವವಾಚಿಯಾಗಿದ್ದೂ ‘ಅನುದರಾ’ ಎಂಬಲ್ಲಿ ಅಲ್ಪತ್ವವನ್ನು ಹೇಳುತ್ತದೆ. ಆಕೆ ಕೃಶೋದರಿಯೇ ಹೊರತು ಉದರವಿಲ್ಲದವಳಲ್ಲ. ಇಂಗ್ಲೀಷಿನ ‘ಫ್ಯೂ’ ಇದಕ್ಕೆ ವಿಪರೀತವಾಗಿ ಅಲ್ಪತ್ವದಿಂದ ಅಭಾವದ ಕಡೆಗೆ ಜಾರುತ್ತದೆ. ‘ಕ್ವೈಟ್ ಎ ಫ್ಯೂ’ ಎಂದರೆ ಬಹಳವೆಂದೇ ಅರ್ಥವಾಗುವುದು ಮತ್ತೊಂದು ವಿಲಕ್ಷಣ.

ತಾರತಮ್ಯದಲ್ಲಿ ‘ಮೆನಿ’, ‘ಮಚ್’ ಎರಡಕ್ಕೂ ‘ಮೋರ್’ ಒಂದೇ ಸಾಕು. ಅಲ್ಪತ್ವಕ್ಕೆ ಮಾತ್ರ ಎಣಿಕೆಗೆ ‘ಫ್ಯೂಯರ್’, ಅಳತೆಗೆ ‘ಲೆಸ್’ ಎಂದು ಎರಡು ಬೇಕೆನ್ನುವರು. ಈ ವಿಧಿಯು ಪ್ರಾಚೀನವಲ್ಲ. ೯ನೆಯ ಶತಮಾನದ ಆಲ್‌ಫ್ರೆಡ್ ದೊರೆಯ ಗದ್ಯದಲ್ಲಿ ‘ಲೆಸ್’ ಶಬ್ದದ ಪೂರ್ವರೂಪವು ಷಷ್ಠೀಬಹುವಚನದೊಡನೆ ಎಣಿಕೆಗೂ ಪ್ರಯುಕ್ತವಾಗಿದೆ. ೧೭೭೦ರಲ್ಲಿ ರಾಬರ್ಟ್ ಬೇಕರ್ ಎಂಬಾತನು ಸಂಖ್ಯೆಯ ವಿಷಯದಲ್ಲಿ ‘ಫ್ಯೂಯರ್’ ಎಂಬುದೇ ತನಗೆ ಲೇಸಾಗಿ ತೋರುವುದೆಂದು ಸ್ವಾಭಿಪ್ರಾಯವನ್ನಷ್ಟೆ ಬರೆದನು. ಅನಂತರದವರು ಅದನ್ನು ಶಾಸನವಾಗಿ ಮಾಡಿದರು. ಪರೀಕ್ಷೆಗೆ ಕೂಡುವ ವಿದ್ಯಾರ್ಥಿಗೆ ಆ ಶಾಸನವನ್ನು ಮೀರದಿರುವುದೇ ಕ್ಷೇಮ. ಆದರೂ ‘ಹತ್ತು ಮೈಲಿಗಿಂತ ಕಡಿಮೆ’ ಎನ್ನುವಾಗ ಆ ಪಕ್ಷದವರೂ ‘ಲೆಸ್’ ಎಂದೇ ಬರೆಯುತ್ತಾರೆ; ಅಲ್ಲಿ ವಿವಕ್ಷಿತವಾದುದು ಹತ್ತು ಬಿಡಿ ಮೈಲಿಗಳಲ್ಲ, ಒಂದು ದಾರಿಯ ಉದ್ದ.