ಜೋಡಿ ಬ್ಯಾಟರಿಗಳೂ ಹೈದರಾಬಾದಿನ ಬೇಸಿಗೆಯೂ

ಹೈದರಾಬಾದಿನ ಮನೆಗಳಲ್ಲಿ ಇನ್ವರ್ಟರಿನ ಜೊತೆ ಒಂದೋ ಎರಡೋ ಟ್ಯೂಬುಲರ್ ಬ್ಯಾಟರಿಗಳಿರುತ್ತವೆ. ದೊಡ್ಡ ಮನೆ, ಅಂಗಡಿ, ಕ್ಲಿನಿಕ್ಕುಗಳಲ್ಲಿ ನಾಲ್ಕೂ ಇರಬಹುದು. ಪ್ರತಿಯೊಂದೂ 12 ವೋಲ್ಟಿನದು, ಒಳಗೆ ತಲಾ ಎರಡು ವೋಲ್ಟಿನ ಆಸುಪಾಸಿನ ಆರು ಸೆಲ್‌ಗಳು. ಒಂದರ ಪ್ಲಸ್ಸನ್ನು ಇನ್ನೊಂದರ ಮೈನಸ್ಸಿಗೆ ಸೇರಿಸಿದರೆ ಸೀರೀಸ್, ಪ್ಲಸ್ಸಿಗೆ ಪ್ಲಸ್, ಮೈನಸ್ಸಿಗೆ ಮೈನಸ್ ಸೇರಿಸಿದರೆ ಪ್ಯಾರಲಲ್. 150 ಎಎಚ್ (ಆಂಪಿಯರ್-ಅವರ್) ಸಾಮರ್ಥ್ಯದ ಎರಡು ಬ್ಯಾಟರಿಗಳು ಸೀರೀಸಿನಲ್ಲಿ 24 ವೋಲ್ಟ್, 150 ಎಎಚ್ ಆಗುತ್ತವೆ. ಪ್ಯಾರಲಲ್ಲಿನಲ್ಲಿ 12 ವೋಲ್ಟ್, 300 ಎಎಚ್. ಹಿಡಿಯುವ ಶಕ್ತಿ ಎರಡರಲ್ಲೂ ಒಂದೇ, 3,600 ವ್ಯಾಟ್-ಅವರ್. ಇನ್ವರ್ಟರ್ ಎಷ್ಟು ವೋಲ್ಟಿನದೋ ಅದಕ್ಕೆ ತಕ್ಕ ಜೋಡಣೆ ಮಾಡಬೇಕು.

ಸೀರೀಸ್ ಜೋಡಿಯ ಚಾರ್ಜರಿಗೆ ಕಾಣುವುದು ಒಟ್ಟು ವೋಲ್ಟೇಜ್ ಮಾತ್ರ. ಎಲ್ಲ ತೊಂದರೆಯ ಮೂಲ ಇಲ್ಲಿದೆ. 24 ವೋಲ್ಟಿನ ಜೋಡಿಯನ್ನು 28.8 ವೋಲ್ಟಿನವರೆಗೆ ಏರಿಸಿದಾಗ ತಲಾ 14.4 ಬರಬೇಕು. ಒಂದು ಬ್ಯಾಟರಿ ಸೊರಗಿದ್ದರೆ ಮಲ್ಟಿಮೀಟರಿನಲ್ಲಿ ಒಂದರ ಮೇಲೆ 15.2, ಇನ್ನೊಂದರ ಮೇಲೆ 13.6 ಕಾಣಬಹುದು. ಮೊತ್ತ ಸರಿಯಾಗಿರುವುದರಿಂದ ಚಾರ್ಜರಿಗೆ ತಕರಾರಿಲ್ಲ. ಆದರೆ ಮೊದಲನೆಯದು ಕುದಿದು ನೀರು ಕಳೆದುಕೊಳ್ಳುತ್ತದೆ, ಎರಡನೆಯದು ಎಂದೂ ಪೂರ್ತಿ ತುಂಬದೆ ಫಲಕಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗುತ್ತದೆ. ಕರೆಂಟ್ ಹೋದಾಗಲೂ ಇದೇ ಕಥೆ: ಇನ್ವರ್ಟರ್ 21 ವೋಲ್ಟಿಗೆ ನಿಲ್ಲುವುದಾದರೆ, ಆ ಹೊತ್ತಿಗೆ ಒಂದು 11.8ರಲ್ಲಿ, ಬಡಪಾಯಿ ಇನ್ನೊಂದು 9.2ರಲ್ಲಿ ಇರಬಹುದು. ಆದ್ದರಿಂದ ಒಂದೇ ಕಂಪನಿ, ಒಂದೇ ಮಾದರಿ, ಒಂದೇ ವಯಸ್ಸಿನ ಬ್ಯಾಟರಿಗಳನ್ನೇ ಜೋಡಿಸಬೇಕು. ಜೋಡಿಸುವ ಮೊದಲು ಪ್ರತಿಯೊಂದನ್ನೂ 12 ವೋಲ್ಟಿನ ಚಾರ್ಜರಿನಿಂದ ಬೇರೆ ಬೇರೆಯಾಗಿ ಪೂರ್ತಿ ತುಂಬಿಸಬೇಕು. ಚಾರ್ಜಿಂಗ್ ಕರೆಂಟ್ ಎಎಚ್‌ನ ಹತ್ತನೆಯ ಒಂದು ಭಾಗವಿದ್ದರೆ ಕ್ಷೇಮ. 150 ಎಎಚ್‌ಗೆ 15 ಆಂಪಿಯರ್.

ಪ್ಯಾರಲಲ್ಲಿನಲ್ಲಿ ವೋಲ್ಟೇಜ್ ತಾನಾಗಿ ಸಮವಾಗುತ್ತದೆ. ಆದರೆ ತುಂಬಿದ್ದನ್ನೂ ಖಾಲಿಯಾದದ್ದನ್ನೂ ನೇರವಾಗಿ ಸೇರಿಸಿದರೆ ಒಂದರಿಂದ ಇನ್ನೊಂದಕ್ಕೆ ಭಾರಿ ಕರೆಂಟ್ ನುಗ್ಗುತ್ತದೆ. ಇನ್ವರ್ಟರಿನ ಪ್ಲಸ್ ವೈರನ್ನು ಮೊದಲ ಬ್ಯಾಟರಿಗೂ ಮೈನಸ್ ವೈರನ್ನು ಕೊನೆಯದಕ್ಕೂ ಕಟ್ಟಬೇಕು. ಎರಡನ್ನೂ ಮೊದಲನೆಯದಕ್ಕೇ ಕಟ್ಟಿದರೆ ಅದರ ಮೇಲೆಯೇ ಹೆಚ್ಚು ಹೊರೆ ಬೀಳುತ್ತದೆ.

ಇದಕ್ಕೆಲ್ಲ ಮೇಲಾಗಿ ದಖ್ಖನ್ನಿನ ಬಿಸಿಲು. ಹೈದರಾಬಾದಿನಲ್ಲಿ ಮೇ ತಿಂಗಳ ಮಧ್ಯಾಹ್ನ 40 ಡಿಗ್ರಿ ದಾಟುವುದು ಹೊಸದಲ್ಲ. ಪಡುವಣಕ್ಕೆ ಮುಖ ಮಾಡಿದ ಬಾಲ್ಕನಿಯಲ್ಲಿ ಬ್ಯಾಟರಿ ಇಟ್ಟರೆ ಅದು ಇನ್ನೂ ಹೆಚ್ಚು ಕಾಯುತ್ತದೆ. ಸೀಸ-ಆಮ್ಲ ಬ್ಯಾಟರಿಯ ತಾಪ 25 ಡಿಗ್ರಿಯಿಂದ ಮೇಲೆ ಸುಮಾರು ಹತ್ತು ಡಿಗ್ರಿ ಏರಿದರೆ ಆಯುಷ್ಯ ಅರ್ಧಕ್ಕೆ ಇಳಿಯುತ್ತದೆಂಬುದು ಬಹುಕಾಲದ ಲೆಕ್ಕ. ಬಿಸಿಯಲ್ಲಿ ಚಾರ್ಜಿಂಗ್ ವೋಲ್ಟೇಜನ್ನೂ ತಗ್ಗಿಸಬೇಕು: 25 ಡಿಗ್ರಿಗೆ 14.4 ಇದ್ದದ್ದು 40 ಡಿಗ್ರಿಗೆ 14ರ ಹತ್ತಿರ. ಬ್ಯಾಟರಿಯ ತಾಪ ಅಳೆಯುವ ಸೆನ್ಸರ್ ಇದ್ದರೆ ಇನ್ವರ್ಟರ್ ಇದನ್ನು ತಾನೇ ಮಾಡುತ್ತದೆ. ಕೊಳ್ಳುವಾಗ ಕೇಳಿ ನೋಡುವುದು ಒಳ್ಳೆಯದು. ನೆರಳಿರುವ, ಗಾಳಿಯಾಡುವ ಜಾಗವೇ ಬೇಕು, ಏಕೆಂದರೆ ಚಾರ್ಜ್ ಆಗುವಾಗ ಹೈಡ್ರೋಜನ್ ಹೊರಬರುತ್ತದೆ. ಗಾಳಿಯಲ್ಲಿ ಅದು ಶೇ 4 ಸೇರಿದರೆ ಒಂದು ಕಿಡಿ ಸಾಕು. ಬೋರ್‌ವೆಲ್ಲಿನ ಗಡಸು ನೀರು ಬ್ಯಾಟರಿಗೆ ವಿಷ, ಡಿಸ್ಟಿಲ್ಡ್ ವಾಟರನ್ನೇ ಹಾಕಬೇಕು.

ಬೇಸಿಗೆ ರಜೆಗೆ ಬೀದರ್, ಕಲಬುರಗಿ, ರಾಯಚೂರಿನ ಊರುಮನೆಗಳಿಗೆ ಹೊರಡುವ ಇಲ್ಲಿನ ಕನ್ನಡ ಕುಟುಂಬಗಳು ತಿಂಗಳುಗಟ್ಟಲೆ ಮನೆಗೆ ಬೀಗ ಹಾಕುವುದು ಈ ಕಡುಬಿಸಿಲಿನಲ್ಲೇ. ಮೇನ್ ಸ್ವಿಚ್ ಆರಿಸಿ, ಇನ್ವರ್ಟರನ್ನು ಹಾಗೇ ಬಿಟ್ಟು ಹೋಗುವುದು ಬ್ಯಾಟರಿಗೆ ಮಾಡುವ ದೊಡ್ಡ ಅನ್ಯಾಯ. ಕರೆಂಟ್ ಹೋಯಿತೆಂದೇ ತಿಳಿಯುವ ಇನ್ವರ್ಟರ್ ತಾನೇ ಎಚ್ಚರವಾಗಿರುತ್ತದೆ. ಏನೂ ಉರಿಯದಿದ್ದರೂ ಅದು 15 ವ್ಯಾಟ್ ತಿಂದರೆ ದಿನಕ್ಕೆ 360 ವ್ಯಾಟ್-ಅವರ್. 24 ವೋಲ್ಟಿನ ಜೋಡಿ ಹತ್ತೇ ದಿನಕ್ಕೆ ಬರಿದು. ಖಾಲಿಯಾಗಿ ವಾರಗಟ್ಟಲೆ ನಿಂತ ಬ್ಯಾಟರಿ ಮತ್ತೆ ಮೊದಲಿನಂತಾಗುವುದು ಕಷ್ಟ.

ಹೊರಡುವ ಮೊದಲು ನೀರಿನ ಮಟ್ಟ ನೋಡಿ, ಪೂರ್ತಿ ಚಾರ್ಜ್ ಮಾಡಿ, ಇನ್ವರ್ಟರನ್ನು ಅದರದೇ ಸ್ವಿಚ್ಚಿನಿಂದ ಆರಿಸಬೇಕು. ಬಳೆ, ಉಂಗುರ ಕಳಚಿಟ್ಟು ಮೈನಸ್ ವೈರನ್ನು ಮೊದಲು ಬಿಚ್ಚಬೇಕು. ಹೊರಟವರಿಗೆ ಇದನ್ನು ಎಲೆಕ್ಟ್ರಿಷಿಯನ್ನರೇ ಮಾಡಿಕೊಟ್ಟರೆ ಇನ್ನೂ ಸುರಕ್ಷಿತ. ಕೆಲವು ಗಂಟೆ ಸುಮ್ಮನಿದ್ದ ಬ್ಯಾಟರಿ 12.6 ವೋಲ್ಟ್ ಅಥವಾ ಅದಕ್ಕಿಂತ ಹೆಚ್ಚು ತೋರಿಸಿದರೆ ತುಂಬಿದೆ ಎಂದರ್ಥ, 12.4ಕ್ಕಿಂತ ಕೆಳಗಿಳಿದರೆ ಮತ್ತೆ ಚಾರ್ಜ್ ಬೇಕು. ಬಿಚ್ಚಿಟ್ಟ ಬ್ಯಾಟರಿಯೂ ತಿಂಗಳಿಗೆ ಶೇ 5ರ ಆಸುಪಾಸು ತಾನಾಗಿ ಕಳೆದುಕೊಳ್ಳುತ್ತದೆ, ಬಿಸಿಲಿನಲ್ಲಿ ಇನ್ನೂ ಹೆಚ್ಚು. ಹೀಗಾಗಿ ಎರಡು ತಿಂಗಳಿಗಿಂತ ಹೆಚ್ಚು ದೂರವಿರುವವರು ನೆರೆಯವರಿಂದ ಒಮ್ಮೆ ಚಾರ್ಜ್ ಮಾಡಿಸಬೇಕು.

ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಗಳಿಗೆ ನಿಯಮ ತಿರುಗುಮುರುಗು. ಅವನ್ನು ಎತ್ತಿಡುವಾಗ ಸುಮಾರು ಅರ್ಧ ತುಂಬಿರಬೇಕು. ಒಳಗಿನ ಬಿಎಂಎಸ್ (ಬ್ಯಾಟರಿ ಮ್ಯಾನೇಜ್ಮೆಂಟ್ ಸಿಸ್ಟಂ) ಪ್ರತಿ ಸೆಲ್ಲನ್ನೂ ಕಾಯುತ್ತದೆ. ಆದರೂ ಎಷ್ಟು ಬ್ಯಾಟರಿಗಳನ್ನು ಒಟ್ಟಿಗೆ ಜೋಡಿಸಬಹುದೆಂಬ ತಯಾರಕರ ಮಿತಿಯನ್ನು ಮೀರಬಾರದು, ಸೀಸದ ಬ್ಯಾಟರಿಯೊಂದಿಗೆ ಬೆರೆಸಲೂಬಾರದು. ಹಳೆಯ ಇನ್ವರ್ಟರಿಗೆ ಅವನ್ನು ಕೂಡಿಸುವ ಮೊದಲು ಅದರಲ್ಲಿ ಲಿಥಿಯಂ ಸೆಟ್ಟಿಂಗ್ ಇದೆಯೇ ಎಂದು ಖಚಿತಪಡಿಸಿಕೊಳ್ಳಬೇಕು.